ತಾಯಿಚಿಟ್ಟೆ ಪರೀಕ್ಷೆ

ಶಿಡ್ಲಘಟ್ಟದ ಬಿತ್ತನೆ ಕೋಠಿಯಲ್ಲಿ
ಇಪ್ಪತ್ತೊಂಬತ್ತು ವರ್ಷ ನನ್ನದು ಒಂದೇ ಕೆಲಸ:
ಮೊಟ್ಟೆಯಿಟ್ಟು ಮುಗಿಸಿದ ಚಿಟ್ಟೆಯನ್ನು ಅರೆದು
ಒಂದು ತೊಟ್ಟು ಗಾಜಿನ ಮೇಲೆ,
ಒಂದು ಕಣ್ಣು ಸೂಕ್ಷ್ಮದರ್ಶಕಕ್ಕೆ.
ಕಲಕು ನೀರಿನಲ್ಲಿ ನುಚ್ಚಿನಂಥ ಹೊಳಪು ಕಂಡರೆ
ಗಂಟುರೋಗ.
ಆ ತಾಯಿಯ ನಾನೂರು ಮೊಟ್ಟೆ ಬೆಂಕಿಗೆ.

ನೋಡಲು ಆ ಮೊಟ್ಟೆಗಳಿಗೆ ಏನೂ ಆಗಿರುತ್ತಿರಲಿಲ್ಲ,
ಸಾಸಿವೆ ಚೆಲ್ಲಿದ ಹಾಗೆ, ದುಂಡುದುಂಡಗೆ.
ರೈತರು ಜಗಳಕ್ಕೆ ನಿಲ್ಲೋರು:
"ಚೆನ್ನಾಗೇ ಅವಲ್ಲಮ್ಮ, ಯಾಕೆ ಸುಡ್ತೀಯ?"
"ಇವತ್ತು ಚೆನ್ನಾಗವೆ. ನಾಲ್ಕನೇ ಜ್ವರ ಏಳ್ಳಿ, ಗೊತ್ತಾಗ್ತದೆ."

ಹೋದ ಯುಗಾದಿಗೆ ಮುಂಚೆ ಜಬೀನಾಳ ಮನೆಯಲ್ಲಿ
ಹಣ್ಣಾದ ಹುಳು ಗೂಡು ಕಟ್ಟಲು ಹತ್ತುವ ಆ
ಬಿದಿರಿನದು, ಸುತ್ತುಸುತ್ತಾಗಿ ಹೆಣೆದದ್ದು,
ಅದರ ಹೆಸರು ಬಾಯಿಗೆ ಬರಲಿಲ್ಲ.
ಗಾಳಿಯಲ್ಲಿ ಬೆರಳಿಂದ ಸುತ್ತು ಬರೆದು ತೋರಿಸಿದೆ.
ಎಲ್ಲದಕ್ಕೂ ನಗುವವಳು, ನಗಲಿಲ್ಲ.

ಚಿಕ್ಕಬಳ್ಳಾಪುರದ ಡಾಕ್ಟರ್ ಹುಡುಗಿ
ಗಡಿಯಾರ ಬರೆಸಿದಳು. ಐದು ಪದ ಕೊಟ್ಟು
ಸ್ವಲ್ಪ ಹೊತ್ತು ಬಿಟ್ಟು ವಾಪಸ್ ಕೇಳಿದಳು.
ಮೂರು ಕೊಟ್ಟೆ, ಎರಡು ಬಾಕಿ.
ಆಮೇಲೆ ತೋಳಿನಿಂದ ಒಂದು ಕೊಳವೆ ರಕ್ತ,
ಐಸಿನ ಡಬ್ಬಿಯಲ್ಲಿ ಬೆಂಗಳೂರಿಗೆ.
"ಮೆದುಳಲ್ಲಿ ಟಾವ್ ಅಂತ ಒಂದು ಪ್ರೋಟೀನ್, ಅಜ್ಜಿ.
ಅದು ಕೆಟ್ಟರೆ ಅದರ ಚೂರು ರಕ್ತಕ್ಕೆ ಇಳಿಯುತ್ತೆ.
ಹಿಂದೆ, ಸತ್ತ ಮೇಲೆ ತಲೆ ಬಿಚ್ಚಿ ನೋಡಿದರೇ ಖಚಿತ.
ಆಮೇಲೆ ಬೆನ್ನುನೀರು, ದುಬಾರಿ ಸ್ಕ್ಯಾನು.
ಈಗ ಇಷ್ಟು ಸಾಕು, ಬಹಳ ಜನಕ್ಕೆ."
ಅಂದರೆ, ತಾಯಿಯನ್ನು ಅರೆಯದೆ!
ನಾನು ಜೋರಾಗಿ ಅಂದುಬಿಟ್ಟೆ.
ಅವಳು ಅದನ್ನೂ ಕಾಗದದಲ್ಲಿ ಬರೆದುಕೊಂಡಳು, ಪಾಪ.

ಮೊದಲ ಸಲ ಅಂಕಿ ನಡುವೆ ನಿಂತಿತು.
ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ.
ಆರು ತಿಂಗಳು ಬಿಟ್ಟು ಇನ್ನೊಂದು ಕೊಳವೆ;
ಗೆರೆ ದಾಟಿತ್ತು.

ಕೋಠಿಯಲ್ಲಾದರೆ ಕಂಡ ಮೇಲೆ ಕಡ್ಡಿ ಗೀರುವುದಿತ್ತು.
ಇಲ್ಲಿ ನಡೆಯಿರಿ ಅನ್ನುತ್ತಾರೆ, ಬಿ.ಪಿ. ನೋಡಿಕೊಳ್ಳಿ,
ಕಿವಿಗೆ ಮಿಷನ್ ಹಾಕಿಸಿ, ಹೊಸ ಔಷಧಿ ಇದೆ,
ಎಲ್ಲರಿಗೂ ಆಗದು, ನಿಲ್ಲಿಸದು, ನಿಧಾನ ಮಾಡೀತು.
ಕನ್ನಡಿಯಲ್ಲಿ ಬೈತಲೆ ತೆಗೆಯುವಾಗ
ಆ ರೈತರ ದನಿ ನನ್ನದೇ ಗಂಟಲಲ್ಲಿ:
ಚೆನ್ನಾಗೇ ಇದೀನಲ್ಲಮ್ಮ.
ಎಷ್ಟು ಸಾವಿರ ತಾಯಂದಿರ ಫಲಿತಾಂಶ ಬರೆದೆ.
ಒಬ್ಬಳಿಗೂ ಮುಂಚೆ ತಿಳಿಸಿರಲಿಲ್ಲ.

ಹಳೇ ರಿಜಿಸ್ಟರಿನ ಖಾಲಿ ಹಾಳೆ ಒಂದಿತ್ತು.
ತಾರೀಕು ಹಾಕಿದೆ. ತಾಯಿ: ಅಶ್ವತ್ಥಮ್ಮ.
ಫಲಿತಾಂಶದ ಕೆಳಗೆ ಅಂಕಿ.
ಷರಾ ಕಾಲಮ್ಮಿಗೆ ಏನೂ ಹೊಳೆಯದೆ
ಪೆನ್ನಿನ ಮುಚ್ಚಳ ಹುಡುಕುತ್ತಾ ಕೂತೆ.

ನಿನ್ನೆ ರಾತ್ರಿ ಮೂರಕ್ಕೆ, ಬಚ್ಚಲಲ್ಲಿ,
ಕರೆಯದೆ ಬಂತು:
ಚಂದ್ರಿಕೆ.
ಕೈ ಒರೆಸದೇ ಜಬೀನಾಗೆ ಫೋನ್ ಮಾಡಿದೆ.
ಹೊತ್ತುಗೊತ್ತಿಲ್ವಾ ನಿಂಗೆ, ಎಂದು ಬೈದಳು.
ತುಸು ಹೊತ್ತು ಇಬ್ಬರದೂ ಉಸಿರು.
ಆಮೇಲೆ, ಹೇಳು ಇನ್ನೊಂದು ಸಲ, ಅಂದಳು.