ಮುಕಾದಮನ ಎಡಗಲ್ಲ

ಕಟಿಂಗ್ ಅಂಗಡಿ ಚಾಂದಪಾಶಾ ಕೇಳ್ತಾನ:
"ಸಾಯಬಣ್ಣ ಕಾಕಾ, ಬಲಗಲ್ಲದ ಮ್ಯಾಲ ಗಡ್ಡ ಕರಕಿ ಹಬ್ಬಿದಂಗ,
ಎಡಗಲ್ಲ ಯಾಕ ಬೀಳು ಬಿದ್ದದ?"
ಹಳಿ ಮೇಯ್ದದ ಅಂತೀನಿ.
ಅವ ನಗ್ತಾನ, ಕತ್ತರಿ ಬದಲಿ ಮಾಡ್ತಾನ.

ವಾಡಿ ಜಂಕ್ಷನ್ನಿನ ದಕ್ಷಿಣಕ್ಕ ನಮ್ಮ ಗ್ಯಾಂಗು.
ಎರಿ ನೆಲ. ಬ್ಯಾಸಿಗ್ಯಾಗ ಬಾಯಿ ಬಿಡ್ತದ,
ಮಳಿ ಬಿದ್ದರ ಹಿಟ್ಟಿನಂಗ ಉಬ್ಬತದ,
ನಿನ್ನೆ ನೆಟ್ಟಗ ಕೂಡ್ಸಿದ ಹಳಿ
ಇವತ್ತ ಮುಂಜಾನಿಗಿ ಸೊಟ್ಟ.
ಹತ್ತ ವರ್ಷ ಹಾರಿ ಹಾಕಿದೆ,
ಆಮ್ಯಾಲ ಮುಕಾದಮ ಮಾಡಿದರು.

ಮುಕಾದಮ ಆದ ಹೊಸದಾಗ
ನನಗ ಬರೇ ದನಿ ಇತ್ತು.
ಖಡಿ ರಾಶಿ ಮ್ಯಾಲ ನಿಂತು ಒದರೇ ಒದರಿದೆ:
"ತಳ್ರೋ! ಉಂಡ ಅನ್ನ ಎಲ್ಲಿ ಹೋತು?"
ಹನ್ನೊಂದು ಮಂದಿ ತಳ್ಳಿದರು, ಇಲ್ಲಂತಿಲ್ಲ.
ಹಳಿ ಸೊಟ್ಟೇ ಉಳೀತು. ನನ್ನ ಗಂಟಲ ಒಡೀತು.

ಎರಡು ತಿಂಗಳಿಗಿ ರಿಟೈರ್ ಆಗೋ ಮುದುಕ ದೇವೀಂದ್ರ
ಬೀಡಿ ಆರಿಸಿ, ಕಿವ್ಯಾಗ ಇಟಗೊಂಡು ಅಂದ:
"ನಿಂತವಗ ಎಲ್ಲಾ ಹಳಿ ನೆಟ್ಟಗೇ ಕಾಣ್ತಾವ, ಮುಕಾದಮ.
ಕೆಳಗ ಬಾ."

ಮಲಗಿದೆ. ಮೇ ತಿಂಗಳ ಹನ್ನೊಂದು ಗಂಟಿ ಬಿಸಲು.
ಎಡಗಲ್ಲ ಕಬ್ಬಿಣಕ್ಕ ಹತ್ತಿಕೊಂಡಿತು.
ಒಂದು ಕಣ್ಣ ಮುಚ್ಚಿದೆ.
ಕಂಡಿತು, ನಾಲ್ಕನೇ ಸ್ಲೀಪರಿನ ಹತ್ರ
ಎಳ್ಳಿನಷ್ಟು ತಗ್ಗು.
ಅದರಾಚಿ ಇಪ್ಪತ್ತೆರಡು ಪಾದ ಕಂಡವು:
ಮೈನೋದ್ದೀನನ ಬಾಯಿ ಬಿಟ್ಟ ಬೂಟು,
ಜ್ವರಕ್ಕ ನಡಗೋ ಅಂಬಾರಾಯನ ಹಿಮ್ಮಡಿ.
ಮೇಲೆ ನಿಂತಾಗ ಅವನೂ ಎಲ್ಲರಂಗೇ ನಿಂತಿದ್ದ.

"ಅಂಬಾರಾಯ, ಹಾರಿ ಇಟ್ಟು ನೆರಳಿಗಿ ನಡಿ."
ಹಳಿ ಮಾತು ಆಮ್ಯಾಲ ಆಡಿದೆ.
ಇನ್ನೊಂದೀಟು... ಇನ್ನೊಂದೀಟು...
ಸಾಕು.
ಕೂಗಬೇಕಂತೇ ಅನಿಸಲಿಲ್ಲ.

ಮಧ್ಯಾಹ್ನದ ಮೇಲ್ ಹೋತು ಅದರ ಮ್ಯಾಲಿಂದ.
ಖಿಡಕಿ ಬಾಜು ಯಾರೋ ಅಕ್ಕ ಚಾ ಕುಡಿಲತ್ತಿದ್ಳು,
ಸೀರಿ ಮ್ಯಾಲ ಒಂದು ಹನಿ ಬೀಳಲಿಲ್ಲ.
ಆಕಿಗಿ ಏನೂ ಗೊತ್ತಾಗಲಿಲ್ಲ.
ಅದಕ್ಕೇ ನಾವು ಹನ್ನೆರಡು ಮಂದಿ
ಹುಚ್ಚರಂಗ ನಕ್ಕೆವು.

ರಿಟೈರ್ ಆದ ದಿನ ಶಾಲು, ಗ್ವಾಡಿ ಗಡಿಯಾರ.
ಮರುದಿನ ಏನು?
ಹಿತ್ತಲ ಕೋಣ್ಯಾಗ ಚಂದಮ್ಮನ ರೊಟ್ಟಿ ಕೇಂದ್ರ,
ನಾಕು ಒಲಿ, ಏಳು ಹೆಣ್ಮಕ್ಕಳು, ದಿನಕ್ಕ ಆರನೂರು ರೊಟ್ಟಿ.
ಬಾಗಲದಾಗ ನಿಂತು ಹಳೇ ಚಾಳಿ ತಗದೆ:
"ಇದರ ಅಂಚು ದಪ್ಪ. ಆ ಒಲಿ ಉರಿ ಜಾಸ್ತಿ."
ಯಾರೂ ತಿರುಗಿ ನೋಡಲಿಲ್ಲ.
"ಹಿಟ್ಟ ಹಿಡಿ," ಅಂದಳು ಚಂದಮ್ಮ,
"ಮಾತು ಕೈ ಹೇಳಲಿ."

ಮೊದಲನೇ ರೊಟ್ಟಿ ನಡು ಹರೀತು.
ಎರಡು, ಮೂರು, ಐದು ಬಾಜೂಕಿನ ಎಮ್ಮಿಗಿ.
ಹತ್ತನೇದು ನಾನೇ ಉಂಡೆ, ಯಾರಿಗೂ ಹೇಳಲಿಲ್ಲ.
ಅರವತ್ತೆರಡಕ್ಕ ಅಂಗೈ ಮತ್ತ ಶಾಲಿಗಿ ಹೊಂಟಿತು.

ಅಲ್ಲೇ ಕುಂತಾಗ ತಿಳೀತು.
ಚಂದಮ್ಮ ನೋಡಂಗಿಲ್ಲ, ಕೇಳ್ತಾಳ.
ಏಳು ಜೋಡಿ ಕೈ ಬಡಿಯೋ ಸಪ್ಪಳದಾಗ
ಒಂದು ಕೈ ದಣಿದರ
ಬೆನ್ನ ತಿರುಗಿಸಿ ಕುಂತೇ ಅಂತಾಳ:
"ನೀಲಗಂಗಾ, ನೀರ ಕುಡದು ಬಾ, ಅವಸರಿಲ್ಲ."

ಇಪ್ಪತ್ತು ವರ್ಷ ಒಂದೇ ಸೂರಿನ ಕೆಳಗ
ಇಬ್ಬರು ಮುಕಾದಮರಿದ್ದೆವು.
ಒಬ್ಬನ ಹೆಸರಷ್ಟೇ ರಿಜಿಸ್ಟರದಾಗಿತ್ತು.

ನಿನ್ನೆ ಸಂಜಿಗಿ ಪ್ಯಾಸೆಂಜರ್ ಹೋಗೂಮುಂದ
ರೊಟ್ಟಿ ಪುಟ್ಟಿ ಸಣ್ಣಗ ನಡಗಿತು.
ಅಂಗಾಲಿಗಿ ಗೊತ್ತಾತು, ಎಲ್ಲೋ ಒಂದು ತಗ್ಗು.
ಮೈನೋದ್ದೀನಗ ಫೋನ್ ಹಚ್ಚಿದೆ, ಈಗ ಅವನೇ ಮುಕಾದಮ.
"ಮಲಗಿ ನೋಡೀನಿ ಕಾಕಾ, ನಾಳೆ ಎತ್ತತೀವಿ.
ಗಲ್ಲ ಸುಟ್ಟದ" ಅಂದ, ನಗ್ತಾ.

ಒಂದು ಕೈಯಾಗ ಫೋನು, ಒಂದು ಕೈ ಹಿಟ್ಟಿನ ಮ್ಯಾಲ,
ಇನ್ನಾ ಬಡಿಲತ್ತಿದ್ದೆ.
"ಸಾಕು," ಅಂದಳು ಚಂದಮ್ಮ ಹಿಂದಿನಿಂದ.
ರೊಟ್ಟಿಗೋ, ಫೋನಿಗೋ.

ಹಂಚಿಗಿ ಹಾಕಿದೆ.
ಉಬ್ಬಿತು.