ಬೈತಖೋಲದಲ್ಲಿ ಒಂದಿದೆ

ಜುಲೈ ಮೂವತ್ತೊಂದು. ನಾಳೆ ನಸುಕಿಗೆ ಬೋಟು ಬಿಡುತ್ತವೆ.
ಬಿಡಬೇಕೆಂದರೆ ಡೀಸೆಲ್ ಚೀಟಿ ಬೇಕು,
ಚೀಟಿಯೆಂದರೆ ಮೂರು ಪ್ರತಿ, ನಡುವೆ ಕಾರ್ಬನ್ನು,
ಮೂರನೆಯದರವರೆಗೂ ಕುಟ್ಟುವ ಗುಂಡಿಗೆ ಇರುವುದು
ಸೊಸೈಟಿಯ ಈ ಒಂಬತ್ತು ಸೂಜಿಯ ಹಳೇ ಪ್ರಿಂಟರಿಗೆ ಮಾತ್ರ.

ಹೊಸ ಕಂಪ್ಯೂಟರಿಗೆ ಹಣವಿಲ್ಲವೆಂದು ಠರಾವಾಯಿತು.
ಬೋಟು ಮೇಲೆಳೆದ ಎರಡು ತಿಂಗಳಲ್ಲಿ
ಇದ್ದ ಹಳತಕ್ಕೇ ಲಿನಕ್ಸ್ ಹಾಕಿದೆ ನಾನು.
ಬಿಚ್ಚಿದಾಗ ಒಳಗೆಲ್ಲ ಉಪ್ಪು,
ಫ್ಯಾನಿನ ರೆಕ್ಕೆಗೆ ತಾರ್ಲೆಯ ಒಂದು ಹುರುಪೆ.

ಈಗ ಪರದೆ ಸರಿ, ಕೀಲಿಮಣೆ ಸರಿ,
ಪ್ರಿಂಟರು ಮಾತ್ರ ಹಸಿರು ದೀಪ ಹಚ್ಚಿಕೊಂಡು ಕೂತಿದೆ
ಮದುವೆ ಚಪ್ಪರದಲ್ಲಿ ಯಾರ ಕಡೆಯವಳೆಂದು
ಯಾರೂ ಕೇಳದ ಹೆಂಗಸಿನಂತೆ.
ಕಪ್ಪು ಪರದೆಯಲ್ಲಿ ಹಾಜರಿ ಕರೆಯುತ್ತೇನೆ:
ಇದ್ದೇನೆ, ಇದ್ದೇನೆ, ಅನ್ನುತ್ತವೆ ಎಲ್ಲ,
ಕೊನೆಯ ಸಾಲು: ಗುರುತಿಲ್ಲದ ಸಾಧನ.

ಬಾಗಿಲಲ್ಲಿ ಬಲೆಯ ಹರಕು ಹೊಲಿಯುತ್ತ ಬುಧವಂತ ದುರ್ಗೇಕರ:
"ಅದಕ್ಕೆಂತ ಆಯ್ತು ಮಾರಾಯ್ತಿ?"
"ಡ್ರೈವರ್ ಇಲ್ಲ."
"ಹಾಗಾದರೆ ನನ್ನ ಕೂರಿಸು. ನಲವತ್ತು ವರ್ಷ ತಾಂಡೇಲ,
ಈ ಡಬ್ಬಿ ಎಷ್ಟು ದೂರ ಹೋದೀತು!"
ನಕ್ಕೆ. ಆದರೆ ಅವನಂದದ್ದು ತಪ್ಪೂ ಅಲ್ಲ.
ಇಂಜಿನ್ನಿನ ಮಾತು ನೀರಿಗೆ ತಿಳಿಯದು,
ನೀರಿನದು ಇಂಜಿನ್ನಿಗೆ.
ನಡುವೆ ಒಬ್ಬ ನಿಂತು ಎರಡೂ ಕಡೆ ಬೈಸಿಕೊಳ್ಳಬೇಕು.

ಕೇಬಲ್ಲು ಬದಲಿಸಿದೆ. ಕರ್ನಲ್ಲು ಬದಲಿಸಿದೆ.
ಮೊಬೈಲಿಂದ ಇಂಟರ್ನೆಟ್ ಎಳೆದು
ಯಾವುದೋ ಕಾಲದ ಸೋರ್ಸ್ ಇಳಿಸಿಕೊಂಡೆ,
ಕಂಪೈಲಿಗೆ ಹಚ್ಚಿ ಚಾ ಕುಡಿದು ಬಂದರೆ
ಎಪ್ಪತ್ತನೇ ಸಾಲಿನಲ್ಲಿ ತಪ್ಪು.
ಹೊರಗೆ ಐಸು ಪುಡಿಯಾಗುವ ಸದ್ದು.
ದೇವಗಡದ ದೀಪ ಕಿಟಕಿಗೆ ಬಂತು, ಹೋಯಿತು, ಬಂತು.

ತಪ್ಪು ಹುಡುಕುತ್ತ ಫೈಲಿನ ತಲೆಗೆ ಹೋದಾಗ
ಸಿಕ್ಕಿತು ಒಂದು ಟಿಪ್ಪಣಿ, ಇಪ್ಪತ್ತೆರಡು ವರ್ಷ ಹಿಂದಿನದು:
ನನ್ನ ಪ್ರಿಂಟರು ಕೆಟ್ಟಿತು. ಇನ್ನು ಪರೀಕ್ಷಿಸಲು
ನನ್ನ ಬಳಿ ಯಂತ್ರವಿಲ್ಲ. ಎಲ್ಲಾದರೂ ಒಂದು
ಉಳಿದಿದ್ದರೆ ದಯವಿಟ್ಟು ತಿಳಿಸಿ.
ಅದರ ಕೆಳಗೆ ಬೇರೆ ಯಾರದೋ ಕೈ:
ಬಳಸುವವರು ಯಾರೂ ಇಲ್ಲ. ಕೈಬಿಡಲಾಗಿದೆ.

ಪ್ರಿಂಟರಿನ ಕಡೆ ತಿರುಗಿ ನೋಡಿದೆ.
ಅದಕ್ಕೆ ಓದಲು ಬಾರದ್ದು ಒಳ್ಳೆಯದಾಯಿತು.

ಹನ್ನೊಂದೂ ನಲವತ್ತಕ್ಕೆ
ಎಲ್ಲಿಯೋ ಬಿಟ್ಟುಹೋಗಿದ್ದ ಒಂದು ಅರ್ಧವಿರಾಮ ಕೂತಿತು.
ಗರ್‍ರ್ ಎಂದ ಹೊಡೆತಕ್ಕೆ ದುರ್ಗೇಕರ ಸೂಜಿ ಕೈಬಿಟ್ಟ.
ಮೊದಲ ಚೀಟಿ ಓರೆಯಾಗಿ ಬಂತು,
ಲೀಟರಿನ ಜಾಗದಲ್ಲಿ ಬೋಟಿನ ನಂಬರು.
ಎರಡನೆಯದು ಪರವಾಗಿಲ್ಲ.
ಮೂರನೆಯದನ್ನು ಅವನು ಹಿಡಿದು ಮೂಸಿ ನೋಡಿದ,
ಬಾಂಗಡೆಯ ಕಿವಿರು ಎತ್ತಿ ನೋಡುವವನ ಹಾಗೆ.
"ತಾಜಾ ಉಂಟು" ಅಂದ.

ಫೈಲು ಮುಚ್ಚುವ ಮೊದಲು ಆ ಎರಡು ಕೈಗಳ ಕೆಳಗೆ
ನನಗೆ ಬರುವ ಇಂಗ್ಲಿಷಿನಲ್ಲಿ ಒಂದು ಸಾಲು ಸೇರಿಸಿದೆ:
ಕಾರವಾರ, ಬೈತಖೋಲ ಬಂದರು. ಇಲ್ಲಿ ಒಂದಿದೆ.
ಉಪ್ಪು ಹಿಡಿದಿದೆ. ಹೊಡೆಯುತ್ತದೆ.

"ಯಾರಿಗೆ ಬರೆದದ್ದು?"
"ಗೊತ್ತಿಲ್ಲ."
ಬದುಕಿದ್ದಾನೋ ಇಲ್ಲವೋ, ಯಾವ ಊರವನೋ.

ಅರವತ್ತನಾಲ್ಕು ಬೋಟಿಗೆ ಕಾರ್ಬನ್ನು ಸಾಲದೆಂದು
ತಿಳಿದದ್ದು ಆಮೇಲೆ.