ಎಡಗಡೆಯ ಕಪಾಟು

ಅಕ್ಕಲಕೋಟೆಯ ಬಸ್ಸಿಗೆ ಇನ್ನೂ ಒಂದೂವರೆ ತಾಸು.
ಸೊಲ್ಲಾಪುರದ ಬಿಸಿಲಿಗೆ ತಗಡೆಲ್ಲ ಟಕಟಕ ಅನ್ನುತ್ತಿತ್ತು.
ನೆರಳು ಹುಡುಕಿ ಹೋದವಳು ನಾನು, ಪುಸ್ತಕವನ್ನಲ್ಲ.
ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಹಳೇ ಗಿರಣಿಯ ಹಿಂದಿನ ಗಲ್ಲಿ. ಚಾದರದ ಅಂಗಡಿ,
ಶೇಂಗಾ ಹಿಂಡಿ ಕುಟ್ಟುವ ಮನೆ, ಅದು ದಾಟಿದರೆ
ಮೂರು ಮೆಟ್ಟಿಲು, ನೀಲಿ ಬಾಗಿಲು.
ಬೋರ್ಡಿನ ಮೇಲೆ ಮರಾಠಿ, ದೊಡ್ಡದಾಗಿ; ಕೆಳಗೆ
ಬಣ್ಣ ಹೊಡೆದವನು ಮರೆತು ಉಳಿಸಿದ ಹಾಗೆ
ಕನ್ನಡದ ಎರಡೇ ಪದ:
ಚಪ್ಪಲಿ ಹೊರಗೆ.

ಒಳಗೆ ತಂಪು. ಪೇಪರಿನ ಹಿಂದೆ ಮೂವರು ಮುದುಕರು,
ಒಬ್ಬ ನಿದ್ದೆಯಲ್ಲೇ ಪುಟ ತಿರುವುತ್ತಿದ್ದ.
ಮೇಜಿನ ಆಚೆ ರಾಜಮಣಿ ಕೊಂಡ್ಯಾಲ:
ಮನೆಯಲ್ಲಿ ತೆಲುಗು, ರಜಿಸ್ಟರಿನಲ್ಲಿ ಮರಾಠಿ,
ಕಾಯಿಪಲ್ಲೆ ಕೊಳ್ಳುವಾಗ ಕನ್ನಡ.
"ನಿಮಗ ಅದು ಓದಾಕ ಬರ್ತದೇನ್ರಿ?" ಎಂದಳು
ಎಡಗಡೆಯ ಕಪಾಟಿನತ್ತ ಗದ್ದ ಎತ್ತಿ.
"ಹನ್ನೊಂದು ವರ್ಷ ಆತು ನಾ ಇಲ್ಲಿ ಬಂದು.
ದಿನಾ ಧೂಳು ಹೊಡೀತೀನಿ. ಒಂದರ ಹೆಸರೂ ಗೊತ್ತಿಲ್ಲ."

ಅವಳು ಅವನ್ನು ಎತ್ತರ ನೋಡಿ ನಿಲ್ಲಿಸಿದ್ದಳು,
ಪ್ರಾರ್ಥನೆಗೆ ಮಕ್ಕಳನ್ನು ನಿಲ್ಲಿಸಿದಂತೆ,
ಗಿಡ್ಡವು ಮುಂದೆ.

ನನ್ನ ಕನ್ನಡ ಏಳನೆಯ ಇಯತ್ತೆಗೆ ನಿಂತದ್ದು.
ಆಮೇಲೆ ಶಾಲೆ ಮರಾಠಿ, ನೌಕರಿ ಮರಾಠಿ,
ಬ್ಯಾಂಕಿನ ಸಹಿಯೂ. ಒತ್ತಕ್ಷರ ಕಂಡರೆ
ಈಗಲೂ ಹೊಸ್ತಿಲಲ್ಲಿ ಕಾಲು ತಡವರಿಸಿದ ಹಾಗೆ.
ಆದರೂ ಹೂಂ ಅಂದೆ. ಅವಳು ಸ್ಟೂಲು ತಂದಳು,
ಚೀಟಿ, ಅಂಟು, ಕೆಂಪು ಪೆನ್ನು.

ನಾನು ಬೆನ್ನು ಓದುವುದು, ಅವಳು ತನ್ನ ಲಿಪಿಯಲ್ಲಿ
ಬರೆದುಕೊಳ್ಳುವುದು, ತಲೆಗೆ ಗೆರೆ ಎಳೆದು.
ಸಾಬೂನು ಮಾಡುವ ರೀತಿ. ದನದ ಜಡ್ಡಿಗೆ ಮದ್ದು.
ಮೂರು ಅಂಕದ ನಾಟಕ; ಮೂರನೆಯ ಅಂಕ ಇಲ್ಲ.
ಶ ಯಾವುದು, ಷ ಯಾವುದು ಎಂದಳು.
ನನಗೂ ಕಣ್ಣಿಗೆ ಗೊತ್ತು, ನಾಲಗೆಗೆ ಗೊತ್ತಿಲ್ಲ.
ಳ ಬಂದಾಗ ಮಾತ್ರ ಇಬ್ಬರೂ ಹಿಗ್ಗಿದೆವು.
ಅದು ಅವಳ ತೆಲುಗಿನಲ್ಲೂ ಇದೆ, ಮರಾಠಿಯಲ್ಲೂ,
ಮೂರೂ ಮನೆಯಲ್ಲಿ ಒಂದೇ ಥರ ಉರುಳುತ್ತದೆ.

ಕೆಳಗಿನ ಖಾನೆಯಲ್ಲಿ ಪುಸ್ತಕವಲ್ಲ, ಒಂದು ದಫ್ತರ,
ಮೊದಲ ಸದಸ್ಯರದು. ಧೂಳಪ್ಪ, ಸಾಂಚಾ ಖಾತೆ.
ಮಳಸಿದ್ದ, ಬಾಯ್ಲರು. ಗೈಬಿಸಾಬ, ಬಣ್ಣದ ಖಾತೆ.
ನಾಗವ್ವ, ನೂಲು ಸುತ್ತುವವಳು.
ಸಹಿ ಇರಬೇಕಾದಲ್ಲಿ
ಹೆಬ್ಬೆಟ್ಟು, ಹೆಬ್ಬೆಟ್ಟು, ಹೆಬ್ಬೆಟ್ಟು.
ಗೈಬಿಸಾಬನದು ನೀಲಿಯಲ್ಲ, ಹಸಿರು:
ಶಾಯಿಗಿಂತ ಮೊದಲೇ ಬೆರಳಲ್ಲಿ ಬಣ್ಣವಿತ್ತೇನೋ.

"ಓದಾಕ ಬರಲಾರದವರು ಇಲ್ಲಿ ಯಾಕ್ರಿ ರೊಕ್ಕ ಕೊಟ್ಟರು?"
ರಟ್ಟಿನ ಒಳಗೆ ನಿಯಮ ಬರೆದಿತ್ತು.
ನಾಲ್ಕನೆಯದನ್ನು ಬೆರಳಿಟ್ಟು ಬಿಡಿಸಿದೆ:
ಎರಡನೆಯ ಪಾಳಿಯ ಭೋಂಗಾ ಆದ ಮೇಲೆ
ಅಕ್ಷರ ಬಲ್ಲವನು ಗಟ್ಟಿಯಾಗಿ ಓದತಕ್ಕದ್ದು.
ಕೇಳುವವನೂ ಓದುಗನೇ.
ಚಂದಾ ಒಂದಾಣೆ, ಇಬ್ಬರಿಗೂ.

ಅವಳು ಏನೂ ಅನ್ನಲಿಲ್ಲ.
ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು.
ನಿದ್ದೆಯ ಮುದುಕ ಕಣ್ಣು ಬಿಡದೆಯೇ,
"ಹಂಗ ಇತ್ತು. ಅಪ್ಪನ ಸಂಗಡ ಬರತಿದ್ದೆ.
ಗಟ್ಟಿ ಓದ್ರಿ, ಫ್ಯಾನಿನ ಸಪ್ಪಳ ಭಾಳ."

ಗಟ್ಟಿ ಓದಿದೆ, ನೂರಾ ಎಂಬತ್ತರ ತನಕ.
ಬಸ್ಸು ಹೋಯಿತೆಂದು ಗೋಡೆಯ ಗಡಿಯಾರ ಹೇಳಿತು,
ನೋಡಿಯೂ ನೋಡಲಿಲ್ಲ. ಕೊನೆಯದಕ್ಕೆ
ಬೆನ್ನೇ ಇರಲಿಲ್ಲ. ಮೊದಲ ಪುಟ
ಹುಳು ತಿಂದು ಕಸೂತಿಯಾಗಿತ್ತು.
"ಇದಕ್ಕೇನು ಬರೀಲಿ?"
"ಹೆಸರಿಲ್ಲ" ಎಂದೆ.
ಬರೆದೇಬಿಟ್ಟಳು, ತಲೆಗೆ ಗೆರೆ ಎಳೆದು,
ಹೆಸರಿಲ್ಲ,
ನಂಬರು ನೂರಾ ಎಂಬತ್ತೊಂದು.

ತಿದ್ದಲು ಬಾಯಿ ತೆರೆದವಳು ಸುಮ್ಮನಾದೆ.
ಮುಂದಿನ ಸಲ ಬಂದಾಗ ಅದನ್ನೇ ಕೇಳಬೇಕು:
"ರಾಜಮಣಿ ಬಾಯಿ, ಹೆಸರಿಲ್ಲ ಐತೇನ್ರಿ?"
"ಐತಿ" ಅನ್ನಬೇಕು ಅವಳು, ತಲೆ ಎತ್ತದೆ,
"ಎಡಗಡೆ."